ಅಪ್ಪನ ಕೆರೆ ದಂಡೆಯಿಂದ ಶುರು ಮಾಡಿ: ಕಲಬುರಗಿಯಲ್ಲಿ ಒಂದು ದಿನ ನಡೆದು ನೋಡುವ ಬಗೆ

ಕಲಬುರಗಿ ಸ್ಟೇಷನ್‌ನಲ್ಲಿ ಇಳಿದು ಆಟೋದವರಿಗೆ 'ಅಪ್ಪನ ಗುಡಿ' ಅನ್ನಿ. ಅಷ್ಟು ಸಾಕು. ಶರಣಬಸವೇಶ್ವರ ದೇವಸ್ಥಾನ ಅಂತ ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಗುಡಿಗೆ ಹತ್ತಿಕೊಂಡಂತೆ ಕೆರೆ ಇದೆ. ಅದು ಅಪ್ಪನ ಕೆರೆ. ಸಂಸ್ಥಾನದ ಪೀಠಾಧಿಪತಿಗಳನ್ನು ಊರಿನವರು 'ಅಪ್ಪ' ಅಂತಲೇ ಕರೆಯುತ್ತಾರೆ. ಹಾಗಾಗಿ ಗುಡಿಯೂ ಅಪ್ಪನದು, ಕೆರೆಯೂ ಅಪ್ಪನದು.

ಹೊರಗಿನಿಂದ ಬರುವ ನೆಂಟರನ್ನು ನಾನು ಮೊದಲು ಕರೆದುಕೊಂಡು ಹೋಗೋದು ಇಲ್ಲಿಗೇ. ಹೆಚ್ಚಿನವರು ಕಾರಿನಲ್ಲಿ ಬಂದು ಕೋಟೆ, ದರ್ಗಾ, ಬುದ್ಧ ವಿಹಾರ ಅಂತ ಅರ್ಧ ದಿನದಲ್ಲಿ ಮುಗಿಸಿ ಬೀದರ್ ದಾರಿ ಹಿಡಿಯುತ್ತಾರೆ. ಹಾಗೆ ನೋಡಿದರೆ ಕಟ್ಟಡಗಳು ಕಾಣುತ್ತವೆ, ಊರು ಸಿಗೋದಿಲ್ಲ. ಈ ಊರಿನಲ್ಲಿ ನಡೀಬೇಕು. ನಡೆದು ದಣಿದಾಗ ಯಾರೋ ಒಬ್ಬರು 'ಕುಂದ್ರಿ' ಅಂತಾರೆ. ಆಗ ಕೂಡಬೇಕು. ಈ ಬರಹ ಇರೋದು ಅದಕ್ಕಾಗಿ: ಎಲ್ಲಿ ನಡೆಯಬೇಕು, ಎಲ್ಲಿ ಕೂಡಬೇಕು.

ಮೊದಲು ಹೊತ್ತು ನೋಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿ ತನಕ ಬಂದರೆ ಇಡೀ ದಿನ ನಡೆಯಬಹುದು. ಬೆಳಗ್ಗೆ ಸಣ್ಣ ಚಳಿ ಇರುತ್ತದೆ, ಶಾಲು ಹೊದ್ದು ನಡೆಯೋಕೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಂದರೆ ಬೆಳಗ್ಗೆ 6ರಿಂದ 8, ಸಂಜೆ 6ರ ಮೇಲೆ. ನಡುವೆ ಹೊರಗೆ ಬರಲೇಬೇಡಿ.

ಇದನ್ನು ಅನುಭವದಿಂದ ಹೇಳ್ತಿದ್ದೇನೆ. ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ, ರಜೆ ಅಂತ ಮಗಳನ್ನು ಕರೆದುಕೊಂಡು ಹನ್ನೊಂದು ಗಂಟೆಗೆ ಕೆರೆ ಕಡೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. 'ಅಮ್ಮಾ, ಕಣ್ಣಿಗೆ ಕತ್ತಲೆ ಬರ್ತಿದೆ' ಅಂದಳು. ದಾರಿ ಪಕ್ಕ ಚಾದಂಗಡಿ ಇಟ್ಟಿದ್ದ ಒಬ್ಬ ಹೆಂಗಸು ನಾನು ಕೇಳುವ ಮೊದಲೇ ಎದ್ದು ಬಂದರು. ತಮ್ಮ ಸ್ಟೂಲನ್ನು ನೆರಳಿಗೆ ಎಳೆದು, 'ಕುಂದರ್ಸ್ರಿ ಮೊದ್ಲ, ಆಮ್ಯಾಗ್ ಮಾತಾಡಾಣ' ಅಂದರು. ಸೆರಗನ್ನು ನೀರಲ್ಲಿ ಅದ್ದಿ ಮಗುವಿನ ನೆತ್ತಿಗೆ ಒತ್ತಿದರು. ಲೋಟದಲ್ಲಿ ಉಪ್ಪು, ಸಕ್ಕರೆ, ಅರ್ಧ ನಿಂಬೆಹಣ್ಣು ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ದುಡ್ಡು ಕೊಡಲು ಹೋದರೆ ಕೈ ಹಿಂದೆ ಸರಿಸಿದರು. ಅವತ್ತಿನಿಂದ ನಾನು ಹೊತ್ತಿನ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡೋದಿಲ್ಲ.

ಜೊತೆಗೆ ಒಂದು ಲೀಟರ್ ನೀರು, ತಲೆಗೆ ಹೊದೆಯಲು ಒಂದು ದುಪಟ್ಟಾ ಇಲ್ಲವೇ ಟವೆಲ್ ಇರಲಿ. ಅದು ಬಿಸಿಲಿಗೂ ಆಯ್ತು, ದರ್ಗಾದಲ್ಲಿ ತಲೆ ಮುಚ್ಚಿಕೊಳ್ಳಲೂ ಆಯ್ತು. ಸುಲಭವಾಗಿ ಬಿಚ್ಚುವ ಚಪ್ಪಲಿ ಹಾಕಿ. ದಿನಕ್ಕೆ ಮೂರ್ನಾಲ್ಕು ಕಡೆ ಬಿಚ್ಚಬೇಕಾಗುತ್ತದೆ. ಚಿಲ್ಲರೆ ಇಟ್ಟುಕೊಂಡರೆ ಒಳ್ಳೆಯದು.

ಗುಡಿಯಿಂದ ಶುರು

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದವರಿಗೆ ಬೆಳಗ್ಗೆಯೇ ಕಲಬುರಗಿ ಸಿಗುತ್ತದೆ. ಸ್ನಾನ ಮುಗಿಸಿ ಏಳು ಗಂಟೆಯ ಒಳಗೆ ಗುಡಿಗೆ ಬನ್ನಿ. ಆ ಹೊತ್ತಿನಲ್ಲಿ ಕಲ್ಲಿನ ನೆಲ ತಣ್ಣಗಿರುತ್ತದೆ.

ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಅವರ ಕಾಲ 1746ರಿಂದ 1822. ಅವರ ಬಗ್ಗೆ ಈ ಕಡೆ ಮಕ್ಕಳಿಗೆ ಮೊದಲು ಹೇಳುವ ಕಥೆ ಜೋಳದ ಹೊಲದ್ದು. ತೆನೆ ಬಂದ ಹೊಲ ಕಾಯಲು ಕಳಿಸಿದರೆ ಅವರು ಹಕ್ಕಿಗಳನ್ನು ಓಡಿಸಲೇ ಇಲ್ಲ. ತಿಂದ ಹಕ್ಕಿಗೆ ನೀರಡಿಕೆ ಆಗುತ್ತದೆ ಅಂತ ಮಣ್ಣಿನ ಪಾತ್ರೆಯಲ್ಲಿ ನೀರು ಇಟ್ಟರು. ಸುಗ್ಗಿಯಲ್ಲಿ ಆ ಹೊಲದ ರಾಶಿ ಕಡಿಮೆ ಆಗಲಿಲ್ಲ, ಹೆಚ್ಚೇ ಬಂತು ಅಂತ ಹಿರಿಯರು ಹೇಳುತ್ತಾರೆ. ನನ್ನ ಅಜ್ಜಿ ಇದನ್ನು ಹೇಳುವಾಗ ಬಿಸಿಲಿಗೆ ಹಾಕಿದ ಕಾಳಿನ ಪಕ್ಕ ಒಂದು ಬಟ್ಟಲು ನೀರು ಇಡುತ್ತಿದ್ದಳು. ಈಗಲೂ ನಮ್ಮ ಮಾಳಿಗೆ ಮೇಲೆ ಒಂದು ಬಟ್ಟಲು ಇರುತ್ತದೆ.

ಗರ್ಭಗುಡಿಯಲ್ಲಿ ಗುರು ಮರುಳಾರಾಧ್ಯರು, ಶಿಷ್ಯ ಶರಣಬಸವರು ಇಬ್ಬರನ್ನೂ ಒಟ್ಟಿಗೇ ಪೂಜಿಸುತ್ತಾರೆ. ಇದನ್ನು ಗಮನಿಸಿ. ಗುರುವೊಬ್ಬರನ್ನೇ ಮುಂದೆ ಮಾಡುವ ಕಡೆಗಳು ತುಂಬ ಇವೆ, ಇಲ್ಲಿ ಜೋಡಿಯಾಗಿ ಕೈ ಮುಗಿಯಬೇಕು.

ದಾಸೋಹಕ್ಕೆ ಕೂಡುವ ಆಸೆ ಇದ್ದರೆ ಕೂಡಿ, ಸಂಕೋಚ ಬೇಡ. ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳೋದಿಲ್ಲ. ಸಾಲಿನಲ್ಲಿ ಜಾಗ ಸಿಕ್ಕ ಕಡೆ ಕೂತುಬಿಡಿ. ಮೊದಲು ಸ್ವಲ್ಪ ಹಾಕಿಸಿಕೊಳ್ಳಿ, ಬೇಕಾದರೆ ಮತ್ತೆ ಕೇಳಿ. ತಟ್ಟೆಯಲ್ಲಿ ಬಿಡಬೇಡಿ. ಪಕ್ಕದಲ್ಲಿ ಕೂತವರು ಹಳ್ಳಿಯಿಂದ ಆಸ್ಪತ್ರೆಗೆ ಬಂದವರಿರಬಹುದು, ಪರೀಕ್ಷೆ ಬರೆಯಲು ಬಂದ ಹುಡುಗ ಇರಬಹುದು. ಮಾತಾಡಿಸಿ. 'ಎಲ್ಲಿಂದ ಬಂದೀರಿ?' ಅನ್ನೋ ಒಂದು ಪ್ರಶ್ನೆಯಿಂದ ನನಗೆ ಎಷ್ಟೋ ಊರುಗಳು ಪರಿಚಯ ಆಗಿವೆ.

ಇದೇ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ ತೆರೆದರು. ಆಗ ಇಲ್ಲಿ ನಿಜಾಮರ ಆಳ್ವಿಕೆ, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವೇ ಮುಂದು. ಅಂಥ ಹೊತ್ತಿನಲ್ಲಿ ಹುಡುಗಿಯರಿಗೆ ಕನ್ನಡ ಅಕ್ಷರ ಕಲಿಸಲು ಹೊರಟರಲ್ಲ, ಅದು ನನಗೆ ಗುಡಿಯ ಶಿಖರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದಂಡೆಯ ಮೇಲೆ

ಗುಡಿಯಿಂದ ಹೊರಬಂದು ಕೆರೆ ಕಡೆ ತಿರುಗಿ. ನೀರು ನಿಮ್ಮ ಬಲಗೈಗೆ ಇರಲಿ, ಪ್ರದಕ್ಷಿಣೆ ಹಾಕುವ ಹಾಗೆ. ಇದು ನಾನು ನನ್ನ ತಂದೆಯಿಂದ ಕಲಿತ ರೂಢಿ. ಪೂರ್ತಿ ಸುತ್ತು ಹಾಕಲೇಬೇಕು ಅನ್ನೋ ಹಟ ಬೇಡ. ದಂಡೆಯ ಉದ್ದಕ್ಕೆ ನಿಧಾನವಾಗಿ ಹೋಗಿ, ಇಷ್ಟವಾದಲ್ಲಿ ನಿಂತು, ಮತ್ತೆ ಮುಂದೆ ಸಾಗಿ. ಅರ್ಧ ತಾಸಿನ ಕೆಲಸ. ನಾನಂತೂ ಒಂದೂವರೆ ತಾಸು ತೆಗೆದುಕೊಳ್ಳುತ್ತೇನೆ.

ಬೆಳಗಿನ ಹೊತ್ತು ದಂಡೆ ತುಂಬ ವಾಕಿಂಗ್‌ನವರು. ನಿವೃತ್ತ ಮೇಷ್ಟ್ರುಗಳು ಗುಂಪಾಗಿ ನಡೆಯುತ್ತ ತೊಗರಿ ರೇಟಿನಿಂದ ಹಿಡಿದು ಮೊಮ್ಮಕ್ಕಳ ಮದುವೆ ತನಕ ಮಾತಾಡುತ್ತಿರುತ್ತಾರೆ. ಕಿವಿಗೊಟ್ಟರೆ ಕನ್ನಡದ ನಡುವೆ ದಖನಿ ಉರ್ದು ಬರುತ್ತದೆ, ಆಗಾಗ ಮರಾಠಿ, ತೆಲುಗೂ ಇಣುಕುತ್ತವೆ. ಒಬ್ಬರೇ ಮನುಷ್ಯ ಒಂದೇ ಮಾತಿನಲ್ಲಿ ಎರಡು ಭಾಷೆ ಕಲಸಿಬಿಡುತ್ತಾರೆ. ದಾರಿ ಕೇಳುವುದಿದ್ದರೆ ವಯಸ್ಸಾದವರಿಗೆ 'ಕಾಕಾ' ಅನ್ನಿ, ಹೆಂಗಸರಿಗೆ 'ಅಕ್ಕಾರ' ಅನ್ನಿ, ಆಟೋದವರಿಗೆ 'ಅಣ್ಣಾ' ಅಥವಾ 'ಭಾಯ್'. ಮಾತಿನ ಕೊನೆಗೆ ಒಂದು 'ರೀ' ಹಚ್ಚಿದರೆ ಅರ್ಧ ಊರು ನಿಮ್ಮದಾಯಿತು.

ನೀರಿನ ಅಂಚಿನಲ್ಲಿ ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿರುತ್ತದೆ. ನೀರುಕಾಗೆ ಮುಳುಗಿ ಎದ್ದು, ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಅದರ ರೆಕ್ಕೆಗೆ ಬಾತುಕೋಳಿಯ ಹಾಗೆ ನೀರು ತಡೆಯುವ ಶಕ್ತಿ ಇಲ್ಲ, ಒದ್ದೆ ಆಗಿಬಿಡುತ್ತದೆ. ಅದಕ್ಕೇ ಹಾಗೆ ನಿಲ್ಲೋದು. ಮಕ್ಕಳಿದ್ದರೆ ಇದನ್ನು ತೋರಿಸಿ, ಅವರಿಗೆ ನೆನಪಿರುತ್ತದೆ. ಪುರಿ, ಬಿಸ್ಕತ್ತು ನೀರಿಗೆ ಎಸೆಯಲು ಬಿಡಬೇಡಿ. ಹಕ್ಕಿಗೆ ನೀರಿಟ್ಟ ಶರಣರ ಕೆರೆ ಇದು. ಕೊಳೆತ ತಿಂಡಿ ಆ ನೀರನ್ನೇ ಕೆಡಿಸುತ್ತದೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಊರ ನಡುವಿನ ಎಲ್ಲ ಕೆರೆಗಳ ಹಾಗೆ ಇದಕ್ಕೂ ಕಷ್ಟ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ವಾಸನೆ ಬರುವುದುಂಟು, ಅಂತರಗಂಗೆ ಹಬ್ಬಿರುವುದುಂಟು. ಚರಂಡಿ ನೀರು ಸೇರಿದ ಕಡೆ ಅಂತರಗಂಗೆ ಬೇಗ ಬೆಳೆಯುತ್ತದೆ, ಯಾಕೆಂದರೆ ಅದಕ್ಕೆ ಬೇಕಾದ ಗೊಬ್ಬರ ಆ ನೀರಿನಲ್ಲೇ ಇರುತ್ತದೆ. ಮೇಲೆ ಹಾಸಿಕೊಂಡ ಎಲೆ ಬಿಸಿಲನ್ನು ಕೆಳಗೆ ಬಿಡೋದಿಲ್ಲ, ಮೀನಿಗೆ ಉಸಿರು ಸಾಲೋದಿಲ್ಲ. ಅಂಥ ದಿನ ನೋಡಿದಾಗ ನನಗೆ ಸಂಕಟ ಆಗುತ್ತದೆ. ನಾವು ಮಾಡಬಹುದಾದ್ದು ಸಣ್ಣದೇ: ಪ್ಲಾಸ್ಟಿಕ್ ಹಾಕಬೇಡಿ, ಪೂಜೆಯ ಹೂವು ಕವರಿನ ಸಮೇತ ನೀರಿಗೆ ಬಿಡಬೇಡಿ. ಮಳೆಗಾಲ ಮುಗಿದ ಮೇಲೆ ಬಂದರೆ ಕೆರೆ ತುಂಬಿ, ಗಾಳಿಗೆ ಸಣ್ಣ ಅಲೆ ಎದ್ದು, ದಂಡೆಗೆ ಬಡಿಯುವ ಸದ್ದು ಕೇಳುತ್ತದೆ. ಅದೇ ನೋಡಬೇಕಾದ ಕೆರೆ.

ಮೊದಲ ಚಾ

ನಡೆದ ಮೇಲೆ ಚಾ. ಕೆರೆಯ ಸುತ್ತಮುತ್ತ ಚಾದಂಗಡಿಗಳಿಗೆ ಕೊರತೆ ಇಲ್ಲ. ಯಾವ ಅಂಗಡಿ ಅಂತ ಹೆಸರು ಹೇಳೋದಿಲ್ಲ, ಒಂದು ಗುರುತು ಹೇಳ್ತೀನಿ. ಎಲ್ಲಿ ಆಟೋದವರು, ಹಾಲಿನವರು, ಪೇಪರ್ ಹಾಕುವ ಹುಡುಗರು ನಿಂತಿರುತ್ತಾರೋ ಅಲ್ಲಿ ನಿಲ್ಲಿ. 'ಖಡಕ್ ಚಾ' ಅಂದರೆ ಪುಡಿ ಜಾಸ್ತಿ, ಚೆನ್ನಾಗಿ ಕುದಿಸಿದ್ದು. ಸಕ್ಕರೆ ಕಡಿಮೆ ಬೇಕಾದರೆ ಮೊದಲೇ ಹೇಳಿ, ಇಲ್ಲಿ ಸಿಹಿ ಸ್ವಲ್ಪ ಮುಂದೆಯೇ. ಗ್ಲಾಸ್ ಚಿಕ್ಕದು, ಆದರೆ ಆ ನಾಲ್ಕು ಗುಟುಕಿಗೆ ಹದಿನೈದು ನಿಮಿಷದ ಮಾತು ಸೇರಿದೆ.

ಹೊಟ್ಟೆಗೆ ಬೇಕಿದ್ದರೆ ಸುಸಲಾ ಕೇಳಿ. ಚುರುಮುರಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಹಾಕುತ್ತಾರೆ. ಮೇಲೆ ಪುಟಾಣಿ ಪುಡಿ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಹಿಟ್ಟಾಗುತ್ತದೆ. ದಾವಣಗೆರೆ ಕಡೆಯ ಮಂಡಕ್ಕಿ ಒಗ್ಗರಣೆ ಇದರ ನೆಂಟ ಅನ್ನಬಹುದು. ಪಕ್ಕಕ್ಕೆ ಮಿರ್ಚಿ ಇದ್ದೇ ಇರುತ್ತದೆ, ಆದರೆ ಅದನ್ನು ನಾನು ಸಂಜೆಗೆ ಉಳಿಸುತ್ತೇನೆ.

ಉದ್ಯಾನ, ರಂಗಮಂದಿರ

ಕೆರೆ ಮುಗಿಸಿ ಸಾರ್ವಜನಿಕ ಉದ್ಯಾನದ ಕಡೆ ನಡೆಯಿರಿ. ಹಳಬರ ಬಾಯಲ್ಲಿ ಇದಕ್ಕೆ ಈಗಲೂ ಮೆಹಬೂಬ್ ಗುಲ್ಶನ್ ಅಂತಲೇ ಹೆಸರು, ನಿಜಾಮರ ಕಾಲದ್ದು. ದೊಡ್ಡ ಮರಗಳ ನೆರಳಿದೆ, ಕೂಡಲು ಜಾಗ ಇದೆ. ಸೂಫಿ ಸಂತ ಖಾಜಾ ಬಂದೇನವಾಜರ ಉರುಸಿನಲ್ಲಿ ಗಂಧದ ಮೆರವಣಿಗೆ ಹೊರಡುವುದು ಈ ಉದ್ಯಾನದಿಂದಲೇ. ನನಗೆ ಈ ನಡಿಗೆಯಲ್ಲಿ ಬಹಳ ಇಷ್ಟವಾದ ವಿಷಯ ಇದು. ಕೆರೆಯ ಒಂದು ಕಡೆ ಶರಣಬಸವೇಶ್ವರರ ತೇರು, ಇನ್ನೊಂದು ಕಡೆಯಿಂದ ಸಂದಲ್. ಎರಡಕ್ಕೂ ಬರುವ ಜನ ಅದೇ ಜನ. ನಮ್ಮ ಓಣಿಯಲ್ಲಿ ತೇರಿಗೆ ಉತ್ತತ್ತಿ ಎಸೆದ ಕೈಯೇ ಉರುಸಿನಲ್ಲಿ ಸಕ್ಕರೆಗೆ ಫಾತಿಹಾ ಪ್ರಾರ್ಥನೆ ಓದಿಸಿಕೊಂಡು ಬರುತ್ತದೆ.

ತೇರು ಬರೋದು ಹೋಳಿ ಹುಣ್ಣಿಮೆ ಆದ ಐದನೇ ದಿನ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಅದರ ಹಿಂದಿನ ದಿನ ಉಚ್ಛಾಯಿ, ಅಂದರೆ ಸಣ್ಣ ತೇರು. ಉರುಸು ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳಲ್ಲಿ, ಚಾಂದ್ರಮಾನದ ಲೆಕ್ಕ ಆದ್ದರಿಂದ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಈ ದಿನಗಳಲ್ಲಿ ಬಂದರೆ ಊರು ಉಕ್ಕುತ್ತಿರುತ್ತದೆ. ಉಳಿಯುವ ಕೋಣೆ ಮೊದಲೇ ಹಿಡಿದಿಡಿ. ಸುಮ್ನೆ ನಡೆಯಬೇಕು, ನೆಮ್ಮದಿಯಾಗಿ ನೋಡಬೇಕು ಅನ್ನೋರು ಬೇರೆ ದಿನ ಆರಿಸಿಕೊಳ್ಳಿ.

ಸಂಜೆ ಇಲ್ಲೇ ಇರುವುದಾದರೆ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾಟಕವೋ ಸಂಗೀತವೋ ಇದೆಯಾ ವಿಚಾರಿಸಿ. ಎಸ್.ಎಂ. ಪಂಡಿತರು ಹುಟ್ಟಿದ್ದು ಇದೇ ಕಲಬುರಗಿಯಲ್ಲಿ, 1916ರಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರ್‌ಗಳಿಗೆ ಪುರಾಣದ ಚಿತ್ರ ಬರೆದರು. ನಿಮ್ಮ ಅಜ್ಜನ ಮನೆಯ ಗೋಡೆ ಮೇಲೆ ಹಳೇ ಕ್ಯಾಲೆಂಡರಿನ ದೇವರ ಚಿತ್ರ ಇದ್ದರೆ ಅದು ಅವರ ಕೈಯದೇ ಇರಬಹುದು. 2020ರ ಫೆಬ್ರುವರಿಯಲ್ಲಿ 85ನೇ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿನಲ್ಲೇ ನಡೆಯಿತು. ಆ ಮೂರು ದಿನ ಹೊರಗಿನಿಂದ ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ: 'ಒಳ್ಳೆ ರೊಟ್ಟಿ ಊಟ ಎಲ್ಲಿ ಸಿಗುತ್ತೆ?'

ಆ ಪ್ರಶ್ನೆಗೆ ಬರೋಣ

ಮಧ್ಯಾಹ್ನ ಒಂದು ಗಂಟೆಗೆ ಖಾನಾವಳಿಗೆ ಹೋಗಿ. ಹೋಟೆಲ್ ಬೇರೆ, ಖಾನಾವಳಿ ಬೇರೆ. ಖಾನಾವಳಿ ಅಂದರೆ ಮನೆಯೂಟವನ್ನು ಹೊರಗೆ ಬಡಿಸುವ ಜಾಗ. ಹಲವು ಕಡೆ ಒಂದೇ ಕುಟುಂಬದವರು ನಡೆಸುತ್ತಾರೆ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಸಾಧ್ಯವಾದರೆ ಒಲೆ ಕಾಣುವ ಕಡೆ ಕೂಡಿ.

ರೊಟ್ಟಿ ಬಡಿಯೋದನ್ನು ಒಮ್ಮೆ ಹತ್ತಿರದಿಂದ ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ಅದಕ್ಕೆ ಕುದಿನೀರು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಉಂಡೆಯನ್ನು ಒಣಹಿಟ್ಟಿನ ಮೇಲೆ ಇಟ್ಟು ಬಲಗೈಯಿಂದ ಬಡಿಯುತ್ತಾರೆ, ಎಡಗೈ ಬೆರಳು ಅಂಚನ್ನು ಸರಿಪಡಿಸುತ್ತಲೇ ಇರುತ್ತದೆ. ಪ್ರತಿ ಬಡಿತಕ್ಕೂ ರೊಟ್ಟಿ ತುಸು ತಿರುಗುತ್ತದೆ, ತಿರುಗಿದಷ್ಟೂ ಅಗಲ ಆಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆ ನೀರು ಸವರುತ್ತಾರೆ. ನೀರು ಆರುವ ಮುಂಚೆ ಮಗುಚಬೇಕು, ತಡವಾದರೆ ಬಿರಿಯುತ್ತದೆ. ಕೊನೆಗೆ ಉಬ್ಬುತ್ತದೆ. ಆ ಉಬ್ಬು ಇಳಿಯುವ ಮೊದಲೇ ನಿಮ್ಮ ತಟ್ಟೆಗೆ ಬಂದಿರುತ್ತದೆ.

ಜೊತೆಗೆ ಎಣ್ಣೆಗಾಯಿ ಬದನೆಕಾಯಿ, ಹುಳಿಹುಳಿ ಪುಂಡಿಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಆಮೇಲೆ ಅನ್ನಕ್ಕೆ ತೊಗರಿಬೇಳೆ ಸಾರು. ಬೇಳೆಯನ್ನು ಅವಸರದಿಂದ ಕಲಸಬೇಡಿ, ಮೊದಲು ಒಂದು ಚಮಚ ಸುಮ್ನೆ ಬಾಯಿಗೆ ಹಾಕಿಕೊಳ್ಳಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಪ್ಪು ಮಣ್ಣಿನ ಈ ಹೊಲಗಳಲ್ಲಿ ಬೆಳೆದ ಬೇಳೆ ಬೇಗ ಬೇಯುತ್ತದೆ, ರುಚಿಯೇ ಬೇರೆ. ಬಡಿಸುವವರು 'ಇನ್ನೊಂದ್ ರೊಟ್ಟಿ ಹಾಕ್ಲ್ರೀ?' ಅಂದಾಗ ಬೇಡ ಅಂದರೂ ಅರ್ಧ ಬಂದು ಬೀಳುತ್ತದೆ. ಅದಕ್ಕೆ ತಯಾರಾಗಿ ಬನ್ನಿ. ಪುಂಡಿಪಲ್ಯದ ಹುಳಿ ಅಭ್ಯಾಸ ಇಲ್ಲದವರು ಮೊಸರು ಕಲಸಿಕೊಂಡು ತಿನ್ನಿ.

ಊಟ ಆದ ಮೇಲೆ ಎರಡು ತಾಸು ಮಲಗಿ. ಇದೂ ಮಾರ್ಗದರ್ಶನದ ಭಾಗವೇ.

ಕಿಲ್ಲಾ

ಸಂಜೆ ನಾಲ್ಕಕ್ಕೆ ಆಟೋ ಹಿಡಿದು ಕೋಟೆಗೆ ಹೋಗಿ. ಇಲ್ಲಿಯವರು ಕಿಲ್ಲಾ ಅನ್ನುತ್ತಾರೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿ ಆಯಿತು. ಮೊದಲೇ ಇದ್ದ ಕೋಟೆಯನ್ನು ಅಲಾವುದ್ದೀನ್ ಹಸನ್ ಬಹಮನ್ ಶಾ ಬೆಳೆಸಿ ಗಟ್ಟಿ ಮಾಡಿದ. ಸುತ್ತ ಅಗಳು, ದಪ್ಪ ಗೋಡೆ. ಒಳಗೆ ನಡುವೆ ಎತ್ತರಕ್ಕೆ ನಿಂತಿರೋದು ಬಾಲಾ ಹಿಸಾರ್ ಅನ್ನುವ ಕಟ್ಟಡ. ಬುರುಜಿನ ಮೇಲಿನ ಬಾರಾ ಗಜ್ ತೋಪಿನ (ಫಿರಂಗಿಯ) ಉದ್ದ ಸುಮಾರು 29 ಅಡಿ. ತೋಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದೆ ಬಂದವರನ್ನು ನಾನು ನೋಡಿಲ್ಲ.

ಆದರೆ ಹೆಚ್ಚು ಹೊತ್ತು ಕೊಡಬೇಕಾದ್ದು ಜಾಮಿಯಾ ಮಸೀದಿಗೆ. 1367ರಲ್ಲಿ ಕಟ್ಟಿದ್ದು. ಕಟ್ಟಿದ ರಫಿ ಇರಾನಿನ ಖಜ್ವೀನ್ ಊರಿನವನು. ಉದ್ದ 216 ಅಡಿ, ಅಗಲ 176 ಅಡಿ. ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ ಅಲ್ವಾ? ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮೇಲ್ಚಾವಣಿ. ಪಕ್ಕದ ಅಗಲವಾದ, ತಗ್ಗಾದ ಕಮಾನುಗಳಿಂದ ಬೆಳಕು ಒಳಗೆ ಬರುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಂದು ಮೂಲೆಯಲ್ಲಿ ನಿಂತು ಎದುರಿನ ಮೂಲೆಗೆ ಕಣ್ಣು ಹಾಯಿಸಿ. ಕಮಾನಿನ ಒಳಗೆ ಕಮಾನು, ಅದರೊಳಗೆ ಇನ್ನೊಂದು, ಸಣ್ಣದಾಗುತ್ತ ಹೋಗುತ್ತವೆ. ಒಂದು ಹೆಜ್ಜೆ ಸರಿದರೆ ಇಡೀ ಸಾಲು ಬದಲಾಗುತ್ತದೆ. ಬಿಳಿ ಗೋಡೆಯ ಮೇಲೆ ಸಂಜೆಯ ಬೆಳಕು ಹಳದಿಯಾಗಿ ಬೀಳುವ ಹೊತ್ತಿಗೆ ನಾನು ಕಂಬಕ್ಕೆ ಒರಗಿ ಕೂತುಬಿಡುತ್ತೇನೆ. ಮಾತಾಡಿದರೆ ದನಿ ದೂರ ಹೋಗುತ್ತದೆ, ಹಾಗಾಗಿ ಮೆಲ್ಲಗೆ.

ನಮಾಜಿನ ಹೊತ್ತಾಗಿದ್ದರೆ ಹೊರಗೆ ಕಾಯಿರಿ. ಜನರ ಫೋಟೊ ತೆಗೆಯುವ ಮುನ್ನ ಕೇಳಿ.

ಹೊತ್ತು ಉಳಿದರೆ ಬಂದೇನವಾಜ್ ದರ್ಗಾಕ್ಕೂ ಹೋಗಿಬನ್ನಿ, ಇಲ್ಲದಿದ್ದರೆ ಮರುದಿನ ಬೆಳಗ್ಗೆಗೆ ಇಟ್ಟುಕೊಳ್ಳಿ. ಬಂದೇನವಾಜ್ ಅಂತ ಜನ ಕರೆಯುವ ಸಯ್ಯದ್ ಮುಹಮ್ಮದ್ ಗೇಸೂದರಾಜರು ದೆಹಲಿ ಬಿಟ್ಟು, ಬಹಮನಿ ಸುಲ್ತಾನ ಫಿರೋಜ್ ಶಾನ ಕಾಲದಲ್ಲಿ, 1400ರ ಆಸುಪಾಸಿನಲ್ಲಿ ಇಲ್ಲಿಗೆ ಬಂದರು. ಆಗಲೇ ಅವರಿಗೆ ಎಂಬತ್ತರ ಹತ್ತಿರ. 1422ರಲ್ಲಿ ತೀರಿಕೊಂಡರು. ಅದೇ ವರ್ಷ ಫಿರೋಜ್ ಶಾ ಕೂಡ ತೀರಿಕೊಂಡ. ಅವನ ಗೋರಿ ಹಫ್ತ್ ಗುಂಬಜ್ ಅನ್ನುವ ಗೋರಿಗಳ ಗುಂಪಿನಲ್ಲಿದೆ. ಸ್ವಲ್ಪ ಕಾಲದಲ್ಲೇ ರಾಜಧಾನಿ ಬೀದರಿಗೆ ಹೋಯಿತು. ಸುಲ್ತಾನರ ಗುಂಬಜ್‌ಗಳ ಮುಂದೆ ಈಗ ಪಾರಿವಾಳ ಮಾತ್ರ, ಸಂತರ ದರ್ಗಾದಲ್ಲಿ ದಿನವೂ ಜನ.

ಕತ್ತಲಾಗುವ ಮೊದಲು ಮತ್ತೆ ಕೆರೆ

ಈಗ ಮಿರ್ಚಿ. ಸಂಜೆ ತಳ್ಳುಬಂಡಿಗಳಲ್ಲಿ ಎಣ್ಣೆ ಕಾಯುತ್ತಿರುತ್ತದೆ. ಉದ್ದನೆಯ ಹಸಿಮೆಣಸಿನಕಾಯಿಯನ್ನು ಗಟ್ಟಿ ಕಡಲೆಹಿಟ್ಟಿನಲ್ಲಿ ಮುಳುಗಿಸಿ, ಪಾತ್ರೆಯ ಅಂಚಿಗೆ ಒಂದು ಬದಿ ಸವರಿ, ಎಣ್ಣೆಗೆ ಬಿಡುತ್ತಾರೆ. ಹಾಗೆ ಸವರಿದ ಕಡೆ ಹಿಟ್ಟು ತೆಳುವಾಗಿ, ಒಳಗಿನ ಕಾಯಿ ಚೆನ್ನಾಗಿ ಬೇಯುತ್ತದೆ. ಖಾರ ತಡೆಯದವರು ತುದಿಯಿಂದ ಶುರು ಮಾಡಿ, ತೊಟ್ಟಿನ ಕಡೆ ಬೀಜ ಜಾಸ್ತಿ. ಸುಸಲಾ ಜೊತೆ ತಿಂದರೆ ಖಾರ ಹದಕ್ಕೆ ಬರುತ್ತದೆ. ಸಿಹಿ ಬೇಕಾದರೆ ಮಾಲ್ಪುರಿ ವಿಚಾರಿಸಿ, ಕೆನೆಯ ರುಚಿಯ ಈ ಸಿಹಿಯನ್ನು ಕಲಬುರಗಿಯವರು ಊರಿನ ಹೆಮ್ಮೆ ಅಂತಲೇ ತಿನ್ನಿಸುತ್ತಾರೆ.

ಈಗ ಊರಿನಲ್ಲಿ ಹೊಸ ಕೆಫೆಗಳೂ ಬಂದಿವೆ. ವಿಶ್ವವಿದ್ಯಾಲಯ, ಇಂಜಿನಿಯರಿಂಗ್, ಮೆಡಿಕಲ್ ಓದುವ ಮಕ್ಕಳು ಸುತ್ತಲ ಜಿಲ್ಲೆಗಳಿಂದ ಬಂದು ಇಲ್ಲಿ ಉಳಿದಿರುತ್ತಾರೆ. ಅವರಿಗೆ ಕೂತು ಓದಲು, ಮಾತಾಡಲು ಜಾಗ ಬೇಕಲ್ಲ. ತಂಪು ಕಾಫಿ, ಸ್ಯಾಂಡ್‌ವಿಚ್ ಸಿಗುತ್ತವೆ, ಎಸಿ ಇರುತ್ತದೆ, ಶೌಚಾಲಯ ಚೊಕ್ಕಟ ಇರುತ್ತದೆ. ಊರು ಸುತ್ತುವ ಹೆಂಗಸರಿಗೆ ಆ ಕೊನೆಯದು ದೊಡ್ಡ ಅನುಕೂಲ. ನಾನು ಅಲ್ಲಿಗೂ ಹೋಗುತ್ತೇನೆ. ಒಮ್ಮೆ ಪಕ್ಕದ ಮೇಜಿನಲ್ಲಿ ಮೂವರು ಹುಡುಗಿಯರು ಪರೀಕ್ಷೆಗೆ ಓದುತ್ತಿದ್ದರು. ಯಾದಗಿರಿ ಕಡೆಯವರು. ನಾನು ಜಾಗ ಹುಡುಕುತ್ತ ನಿಂತದ್ದು ನೋಡಿ ಒಬ್ಬಳು ಪುಸ್ತಕ ಎತ್ತಿ ಮಡಿಲಿಗೆ ಹಾಕಿಕೊಂಡು, 'ಕುಂದ್ರಿ ಆಂಟಿ' ಅಂದಳು. ಚಾದಂಗಡಿಯ ಮಾತು ಎಸಿ ಕೋಣೆಗೂ ಬಂದಿದೆ ಅಂತ ಬಹಳ ಖುಷಿಯಾಯಿತು.

ಹಿರಿಯರು, ಪುಟ್ಟ ಮಕ್ಕಳು ಜೊತೆಗಿದ್ದರೆ ಕೋಟೆಯ ಭಾಗ ಬಿಟ್ಟು ಗುಡಿ, ಕೆರೆ, ಉದ್ಯಾನ, ಊಟ ಇಷ್ಟೇ ಇಟ್ಟುಕೊಳ್ಳಿ. ಒಬ್ಬರೇ ಬರುವ ಹೆಂಗಸರು ದೀಪ ಹತ್ತಿದ, ಜನ ಓಡಾಡುವ ಕಡೆಯೇ ನಡೆಯಿರಿ. ಕತ್ತಲಾದ ಮೇಲೆ ದಂಡೆಯ ಖಾಲಿ ಭಾಗ ಬೇಡ.

ಊರಿಗೆ ಒಯ್ಯಲು

ಕೊನೆಗೆ ಮಾರ್ಕೆಟ್ಟಿನಲ್ಲಿ ಎರಡು ಕಿಲೋ ತೊಗರಿಬೇಳೆ, ಒಂದು ಪೊಟ್ಟಣ ಶೇಂಗಾ ಹಿಂಡಿ, ಇಪ್ಪತ್ತು ಕಡಕ್ ರೊಟ್ಟಿ ತೆಗೆದುಕೊಳ್ಳಿ. ಕಡಕ್ ರೊಟ್ಟಿಯಲ್ಲಿ ನೀರಿನ ಅಂಶ ಇಲ್ಲದ್ದರಿಂದ ವಾರಗಟ್ಟಲೆ ಕೆಡೋದಿಲ್ಲ, ಗಾಳಿ ತಾಗದಂತೆ ಇಟ್ಟರೆ ಸಾಕು. ಆದರೆ ಬೇಗ ಮುರಿಯುತ್ತದೆ. ಅಂಗಡಿಯವರಿಗೆ ಪ್ರಯಾಣಕ್ಕೆ ಅಂತ ಹೇಳಿ, ಪೇಪರ್ ಸುತ್ತಿ ದಾರ ಕಟ್ಟಿ ಕೊಡುತ್ತಾರೆ. ಬ್ಯಾಗಿನ ಒಳಗೆ ತುರುಕಬೇಡಿ. ರೈಲಿನಲ್ಲಿ ಬೇಳೆ ಚೀಲ ಸೀಟಿನ ಕೆಳಗೆ, ರೊಟ್ಟಿ ಕಟ್ಟು ತೊಡೆಯ ಮೇಲೆ. ಮಲಗುವಾಗ ತಲೆದಿಂಬಿನ ಪಕ್ಕ, ಗೋಡೆ ಕಡೆಗೆ ನಿಲ್ಲಿಸಿ ಇಡಿ.